ಇಳಿಸಿದ್ದು

ಕರಿ ಎರಡು, ಅವನ ಶ್ರುತಿ.
ಒಂದು ಕೂದಲೆಳೆ ಕೆಳಗೆ ಬಾ ಅಂದರೆ
"ಬಿಸಿಲಲ್ಲಿ ಹುಟ್ಟಿದ ಗಂಟಲು, ವೆರೋನಿಕಾ,
ನೆರಳಿಗೆ ಬಂದರೆ ಮಲಗಿಬಿಡ್ತದೆ" ಅನ್ನುತ್ತಿದ್ದ.

ಆಟೋ ಕಾಂಪ್ಲೆಕ್ಸಿನಲ್ಲಿ ಟಯರ್ ರಿಸೋಲ್ ಶೆಡ್ಡಿನ ಮೇಲೆ
ನಮ್ಮ ಕೋಣೆ. ಗೋಡೆ ತುಂಬ ಮೊಟ್ಟೆಯ ಟ್ರೇ.
ಕೆಳಗಿನವರು ಒಂದೂವರೆಗೆ ಊಟಕ್ಕೆದ್ದರೆ
ಎರಡೂವರೆಯೊಳಗೆ ಒಂದು ಹಾಡು ಮುಗಿಸಬೇಕು,
ಆಮೇಲೆ ರಬ್ಬರು ತೇಯುವ ಚಕ್ರ
ಯಾವ ಶ್ರುತಿಗೂ ಸೇರದೆ ಕಿರುಚುತ್ತದೆ.
ಸೊರಬದ ಕಡೇ ಬಸ್ಸು ಹಿಡಿಯಲು ಗುತ್ಯಪ್ಪ
ದಿನವೂ ಓಡುತ್ತಿದ್ದನಲ್ಲ, ಅದಕ್ಕೇ
ಬ್ಯಾಂಡಿಗೆ "ಕಡೇ ಬಸ್ಸು" ಅಂತ ಹೆಸರು.
ಕೇಳಿದವರಿಗೆ ನಾವು ದೊಡ್ಡ ದೊಡ್ಡ ಅರ್ಥ ಹೇಳುತ್ತಿದ್ದೆವು.

ಫೆಬ್ರವರಿಯಲ್ಲಿ ದರಗು ತರಲು ಕಾಡಿಗೆ ಹೋದವನ
ಕಿವಿಯ ಹಿಂದೆ ಒಂದು ಉಣುಗು.
ಮಂಗನ ಕಾಯಿಲೆ. ಹನ್ನೊಂದು ದಿನ.
ಎಂಟೂರಿಗೆ ಕೇಳುವ ದನಿಯನ್ನು
ಎಳ್ಳುಕಾಳಿನಷ್ಟು ಹುಳ ನುಂಗಿತು, ಅಂದ ಮೈಲಾರಿ.
ಡೊಳ್ಳಿನವನು, ತೊದಲು ಮಾತು.
ಅಷ್ಟು ಹೇಳುವಷ್ಟರಲ್ಲಿ ಮೆಗ್ಗಾನ್ ಆಸ್ಪತ್ರೆಯ ಗೇಟು ದಾಟಿದ್ದೆವು.

ಊರಲ್ಲಿ ಆಂಬುಲೆನ್ಸಿನಿಂದ ಇಳಿಸುವಾಗ
ಕಾಲಿನ ಕಡೆ ಹಿಡಿದವಳು ನಾನು.
ಆಂಪ್ಲಿಫೈಯರಿಗಿಂತ ಹಗುರ.

ಒಂಬತ್ತು ಹಾಡು. ವಾದ್ಯ ಮುಗಿದಿತ್ತು, ಹಿಮ್ಮೇಳವೂ.
ಅವನೂರಿನ ಅಂಟಿಗೆ ಪಂಟಿಗೆಯ ಹಾಗೆ ಕಟ್ಟಿದ್ದು:
ಮುಂದಿನವನು ಒಂದು ಸಾಲು ಬಿಟ್ಟರೆ
ಹಿಂದಿನವರು ಎತ್ತಿಕೊಂಡು ನಡೆಯಬೇಕು
ದೀಪ ಆರದ ಹಾಗೆ, ಮನೆಯಿಂದ ಮನೆಗೆ.
ಮುಂದಿನ ಸಾಲಷ್ಟೇ ಬಾಕಿ.
"ದರಗು ಹಾಕಿ ಬರ್ತೀನಿ, ಒಂದೇ ದಿನದ ಕೆಲಸ" ಅಂದಿದ್ದ.

ನಾವು ಜಾಣರು. ಖಾಲಿ ಬಿಟ್ಟೆವು.
ಎಂಟು ಮಾತ್ರೆ ಮೌನ, ಆಮೇಲೆ
ಯಾರೂ ಹಾಡದ ಸಾಲಿಗೆ ನಮ್ಮ ಉತ್ತರ.
ಕೇಳಿದವರು ಕಣ್ಣೊರೆಸಿಕೊಂಡರು.
ಇಮ್ತಿಯಾಜ್ ತಾನೇ ಮಿಕ್ಸ್ ಮಾಡಿ ತಾನೇ ಅತ್ತ.
ನನಗೂ ಬಹಳ ಹಿಡಿಸಿತ್ತು, ಸುಳ್ಳು ಯಾಕೆ.

ಗುತ್ಯಪ್ಪನಿಗೆ ಹಾಡು ಕಲಿಸಿದ ಕೆರಿಯಪ್ಪಜ್ಜ
ಸೊರಬದ ಟೀ ಅಂಗಡಿಯಲ್ಲಿ ಎರಡು ಹಾಡು ಕೇಳಿ
ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ.
"ಇದೆಂತ, ಅರ್ಧ ಹಾಡಿ ಬಿಟ್ಟೀರಿ?"
ಅದು ಗುತ್ಯಪ್ಪನ ಜಾಗ, ಅಂದೆ.
"ಜಾಗ ಎಂತದು? ಮುಂದಿದ್ದವ ಬಿದ್ದರೆ
ಹಿಂದಿದ್ದವ ದೀಪ ಹಿಡಿದು ಮುಂದೆ ಬರ್ಬೇಕು.
ಬಾಗಿಲು ತೆಗೆದು ನಿಂತೋರ ಎದುರಿಗೆ
ಬಾಯಿ ಮುಚ್ಚಿ ನಿಂತರೆ ಎಣ್ಣೆ ಯಾರು ಎರೀತಾರೆ?"
ಟೀ ದುಡ್ಡೂ ಅವನೇ ಕೊಟ್ಟ.

ಮೈಲಾರಿ ಹಾಡಿದ.
ಹಾಡುವಾಗ ತೊದಲಲಿಲ್ಲ, ಪವಾಡವೇನಲ್ಲ,
ತೊದಲುವವರು ಎಷ್ಟೋ ಮಂದಿ ಹಾಗೇ ಅಂತೆ.
ಆದರೆ ಕರಿ ಎರಡು ಅವನಿಗೆ ಎಟುಕದು.
ಬಿಳಿ ಏಳಕ್ಕೆ ಇಳಿಸಿದೆವು,
ಒಂಬತ್ತನ್ನೂ ಮೊದಲಿನಿಂದ.
ಸಡಿಲಾದ ನನ್ನ ಬೇಸಿನ ತಂತಿ
ಪಟ್ಟಿಗೆ ತಾಗಿ ಗುರ್ ಅಂದಿತು. ಇರಲಿ, ಅಂದ ಇಮ್ತಿಯಾಜ್.
ಏಳನೆಯ ಹಾಡಿನ ಕೊನೆಗೆ, ಗಡಿಯಾರ ನೋಡದೆ,
ಕೆಳಗಿನ ಚಕ್ರವೂ ಸೇರಿಕೊಂಡಿದೆ.
ಅದೂ ಇರಲಿ.

ನನ್ನ ಫೋನಿನಲ್ಲಿ ಅವನದು ಹದಿಮೂರು ಸೆಕೆಂಡು.
ಒಂದು ಕೆಮ್ಮು, ಆಮೇಲೆ
"ಒಂದು, ಎರಡು, ಏಯ್, ಫ್ಯಾನು ಆರಿಸ್ರೋ."
ಎಲ್ಲಿಯೂ ಸೇರಿಸಲಿಲ್ಲ.
ಇದೆ ಅಂತ ಅವರಿಬ್ಬರಿಗೂ ಹೇಳಿಲ್ಲ.

ಮೊನ್ನೆ ಸೊರಬದ ಕಡೇ ಬಸ್ಸು ಹತ್ತಿ
ಡ್ರೈವರಿಗೆ ಪೆನ್‌ಡ್ರೈವ್ ಕೊಟ್ಟೆ.
ಆಯನೂರು ದಾಟುವವರೆಗೆ ಯಾರೂ ಏನೂ ಅನ್ನಲಿಲ್ಲ.
ಆಮೇಲೆ ಹಿಂದಿನ ಸೀಟಿನಿಂದ
ಫೋನು ಕಿವಿಗೊತ್ತಿಕೊಂಡ ಒಬ್ಬ ಹೆಂಗಸು
"ಸ್ವಲ್ಪ ಇಳಿಸಿ ಅಣ್ಣಾ" ಅಂತ ಕೂಗಿದಳು.
ಹಾಡನ್ನೋ, ಅವಳನ್ನೋ?
ಡ್ರೈವರ್ ಸೌಂಡು ತಗ್ಗಿಸಿ, ಬ್ರೇಕೂ ಒತ್ತಿದ.

ಯಾರೂ ಇಳಿಯಲಿಲ್ಲ.
ಕತ್ತಲಲ್ಲಿ ನಿಂತ ಬಸ್ಸಿನೊಳಗೆ ಸಣ್ಣಗೆ
ಮೈಲಾರಿ ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದ.